ಚೀಟಿ ಎತ್ತುವ ಮೊದಲು, ಎತ್ತಿದ ಮೇಲೆ

ಜೂನ್ 16

ಮಗಳು ದ್ವಿತೀಯ ಪಿಯುಸಿ. ಅವಳಿಗೆ ಸಂಭವನೀಯತೆ ಹೇಳಿಕೊಡೋಣ ಎಂದು ಮೇ ಕೊನೆಯಲ್ಲಿ ಹಿಡಿದ ಗಣಿತದ ಪುಸ್ತಕವನ್ನು ಈಗ ನಾನೇ ಬಿಡುತ್ತಿಲ್ಲ. ಮಳೆ ಹಿಡಿದ ಮೇಲೆ ತೋಟದ ಕೆಲಸ ಬೇಗ ಮುಗಿಯುತ್ತದೆ, ಕರೆಂಟ್ ಹೋದರೆ ಸಂಜೆಯೆಲ್ಲ ಖಾಲಿ. ದಿನಕ್ಕೆ ಎರಡು ಲೆಕ್ಕ ಅಂತ ಮಾಡಿಕೊಂಡೆ. ಇವತ್ತಿಗೆ 31 ಆಯಿತು.

ದಾಳ, ಇಸ್ಪೀಟು, ಚೀಲದೊಳಗಿನ ಕೆಂಪು ಚೆಂಡು ಇವೆಲ್ಲ ಸಲೀಸಾಗಿ ಬಂದವು. ಎಡವಿದ್ದು ಒಂದೇ ಕಡೆ. ಎರಡು ಘಟನೆ ಒಟ್ಟಿಗೆ ನಡೆಯಲಾರವು ಅಂದರೆ ಅವು ಪರಸ್ಪರ ವರ್ಜಕ. ಒಂದು ನಡೆದರೂ ಇನ್ನೊಂದರ ಸಂಭವ ಹೆಚ್ಚು ಕಮ್ಮಿ ಆಗದಿದ್ದರೆ ಅವು ಸ್ವತಂತ್ರ. ನಾನು ಎರಡನ್ನೂ ‘ಒಂದಕ್ಕೊಂದು ಸಂಬಂಧವಿಲ್ಲ’ ಎಂದೇ ಓದಿಕೊಂಡಿದ್ದೆ. ಸಾಲಾಗಿ ನಾಲ್ಕು ಲೆಕ್ಕ ತಪ್ಪಿದವು.

‘ಅಪ್ಪ, ಒಂದು ಆದ್ರೆ ಇನ್ನೊಂದು ಆಗೋದೇ ಇಲ್ಲ ಅಂದ್ಮೇಲೆ, ಅದಕ್ಕಿಂತ ಗಟ್ಟಿ ಸಂಬಂಧ ಯಾವುದು?’ ಅಂದಳು ಮಗಳು. ಮಾತು ಸರಿ ಅನ್ನಿಸಿತು. ಆದರೂ ಮನಸ್ಸಿಗೆ ನಾಟಲಿಲ್ಲ. ದಾಳ ಬಿಟ್ಟು ನಮ್ಮೂರಿನದೇ ಒಂದು ಲೆಕ್ಕ ಬೇಕಿತ್ತು.

ಜೂನ್ 23

ಸಿಕ್ಕಿತು, ಹಾಕಿಯಲ್ಲಿ! ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದಾಗ 60 ತಂಡಗಳಿದ್ದವು. 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360. ಗ್ಯಾಲರಿಯಲ್ಲಿ ಕೂತವರು ಟೈಸ್ ಪಟ್ಟಿ (ಚೀಟಿ ಎತ್ತಿ ಯಾರಿಗೆ ಯಾರು ಎದುರು ಎಂದು ಬರೆದದ್ದು) ಹಿಡಿದು ಆಡುವ ಮಾತೇ ಷರತ್ತಿನ ಸಂಭವನೀಯತೆ, ಅಂದರೆ ಒಂದು ನಡೆದಿದೆ ಎಂದು ಗೊತ್ತಾದ ಮೇಲೆ ಇನ್ನೊಂದರ ಸಂಭವ: ‘ಅವರು ಫೈನಲ್‌ಗೆ ಬಂದರೆ ಎದುರಿಗೆ ನಮ್ಮವರು ಇರ್ತಾರಾ?’

360 ಬೇಡ, 8 ತಂಡ ಸಾಕು. ಎಲ್ಲವೂ ಸಮಬಲ, ಸೋತವರು ಹೊರಗೆ. ಪಟ್ಟಿಯಲ್ಲಿ ನಾಲ್ಕು ನಾಲ್ಕು ತಂಡದ ಎರಡು ಭಾಗ. ಕ ತಂಡ ಫೈನಲ್ ಸೇರಬೇಕಾದರೆ ಎರಡು ಪಂದ್ಯ ಗೆಲ್ಲಬೇಕು, ಅಂದರೆ 1/4. ಗ ತಂಡಕ್ಕೂ ಅಷ್ಟೇ. ಕ ಫೈನಲ್ ಸೇರಿದೆ ಎಂದು ಗೊತ್ತಾದ ಮೇಲೆ ಗ ಕೂಡ ಸೇರುವ ಸಂಭವ ಎಷ್ಟು?

ಟೈಸ್‌ನಲ್ಲಿ ಇಬ್ಬರೂ ಒಂದೇ ಭಾಗಕ್ಕೆ ಬಿದ್ದಿದ್ದರೆ ಸೊನ್ನೆ. ಆ ಭಾಗದಿಂದ ಫೈನಲ್‌ಗೆ ಹೋಗುವುದು ಒಂದೇ ತಂಡ. ಇದು ಪರಸ್ಪರ ವರ್ಜಕ.

ಬೇರೆ ಬೇರೆ ಭಾಗದಲ್ಲಿದ್ದರೆ 1/4. ಆಚೆ ಭಾಗದಲ್ಲಿ ಕ ಗೆದ್ದರೂ ಸೋತರೂ ಗ ತಂಡಕ್ಕೆ ಅದರ ಬಿಸಿ ತಟ್ಟುವುದಿಲ್ಲ. ಇದು ಸ್ವತಂತ್ರ.

ತಂಡಗಳು ಅವೇ, ಪ್ರಶ್ನೆಯೂ ಅದೇ. ಬದಲಾಗಿದ್ದು ಚೀಟಿ ಬಿದ್ದ ಜಾಗ ಮಾತ್ರ. ಮೂರು ವಾರದ ಗೊಂದಲ ಇಲ್ಲಿ ಬಿಟ್ಟುಹೋಯಿತು. ಇನ್ನೂ ಒಂದು ನೋಡಿದೆ: ಒಂದೇ ಭಾಗದಲ್ಲಿದ್ದು ಕ ಫೈನಲ್ ಸೇರಲಿಲ್ಲ ಎಂದು ತಿಳಿದರೆ, ಗ ತಂಡದ ಸಂಭವ 1/4ರಿಂದ 1/3ಕ್ಕೆ ಏರುತ್ತದೆ. ಆ ಸ್ಥಾನಕ್ಕೆ ಉಳಿದವರು ಮೂವರೇ ತಾನೆ. ಒಬ್ಬರ ಸೋಲಿನ ಸುದ್ದಿ ಇನ್ನೊಬ್ಬರಿಗೆ ಲಾಭ ತರುವುದಾದರೆ ಅವರು ಸ್ವತಂತ್ರರಾಗುವುದು ಹೇಗೆ?

ಜುಲೈ 1

ಚೀಟಿ ಎತ್ತುವ ಮೊದಲೇ ಕೇಳಿದರೆ? ಸೂತ್ರ ಹಾಕಿದೆ (‘ಸಂ’ ಅಂದರೆ ಸಂಭವ, ‘ಗ | ಕ’ ಅಂದರೆ ಕ ಸೇರಿದೆ ಎಂದು ಗೊತ್ತಾದ ಮೇಲೆ ಗ, ‘ಕ ∩ ಗ’ ಅಂದರೆ ಎರಡೂ ಸೇರುವುದು):

ಸಂ(ಗ | ಕ) = ಸಂ(ಕ ∩ ಗ) ÷ ಸಂ(ಕ)

ಫೈನಲ್‌ಗೆ 8ರಲ್ಲಿ ಯಾವ ಜೋಡಿ ಬೇಕಾದರೂ ಬರಬಹುದು. ಒಟ್ಟು ಜೋಡಿ 28, ಕ–ಗ ಅದರಲ್ಲಿ ಒಂದು. 1/28ನ್ನು 1/4ರಿಂದ ಭಾಗಿಸಿದರೆ 1/7.

ತಾಳೆ ನೋಡಲು ಇನ್ನೊಂದು ದಾರಿ ಹಿಡಿದೆ. ಕ ಒಂದು ಭಾಗದಲ್ಲಿ ಕೂತ ಮೇಲೆ ಉಳಿದ ಜಾಗ 7, ಆಚೆ ಭಾಗದ್ದು 4. ಗ ಆಚೆ ಬೀಳುವ ಸಂಭವ 4/7, ಬಿದ್ದ ಮೇಲೆ ಫೈನಲ್ ಸೇರುವುದು 1/4. ಗುಣಿಸಿದರೆ ಮತ್ತೆ 1/7. ಎರಡು ದಾರಿಯಲ್ಲಿ ಹೋಗಿ ಒಂದೇ ಅಂಗಳಕ್ಕೆ ಬಂದ ಹಾಗಾಯಿತು. ಆ ರಾತ್ರಿ ತುಂಬಾ ಖುಷಿಯಲ್ಲಿದ್ದೆ.

ಇದೇ ಜಾಡಿನಲ್ಲಿ 360 ತಂಡಕ್ಕೆ 1/359. ಕೆಲವರಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಸಿಗುವುದರಿಂದ ಉತ್ತರ ಬದಲಾದೀತೇನೋ ಎಂದು ಅಳುಕಿತ್ತು. ಬದಲಾಗುವುದಿಲ್ಲ, ಸಮಬಲದವರಲ್ಲಿ ಬೈ ಯಾರಿಗೆ ಎಂಬುದನ್ನೂ ಚೀಟಿಯೇ ಹೇಳಬೇಕು.

ಜುಲೈ 9

ಕೈಯಾರೆ ಮಾಡಿ ನೋಡಿದೆವು. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಎಂಟು ಚೀಟಿ, ಕುಲುಕಲು ಅಕ್ಕಿ ಅಳೆಯುವ ಸೇರು. ಮಗಳು ಒಂದೊಂದೇ ಎತ್ತಿ ಮೇಜಿನ ಮೇಲೆ ಎರಡು ಸಾಲು ಇಡುತ್ತಾಳೆ, ನಾನು ಪ್ರತಿ ಪಂದ್ಯಕ್ಕೆ ಐದು ರೂಪಾಯಿ ನಾಣ್ಯ ಚಿಮ್ಮುತ್ತೇನೆ. ಫೈನಲ್‌ವರೆಗೆ 6 ಪಂದ್ಯ. ಥಂಡಿಗೆ ನೋಟ್‌ಬುಕ್ಕಿನ ಹಾಳೆ ಮೆತ್ತಗಾಗಿ ಇಂಕು ಹರಡಿತು, ಆಮೇಲೆ ಪೆನ್ಸಿಲ್ಲಿನಲ್ಲೇ ಗೀಟು ಹಾಕಿದೆ. ಐದು ಸಂಜೆಗಳಲ್ಲಿ 84 ಪಂದ್ಯಾವಳಿ, 504 ಸಲ ನಾಣ್ಯ.

ಕ ಫೈನಲ್ ಸೇರಿದ್ದು 19 ಸಲ, ಅದರಲ್ಲಿ ಗ ಜೊತೆಗಿದ್ದದ್ದು 2 ಸಲ. ಲೆಕ್ಕದ ಪ್ರಕಾರ 21 ಮತ್ತು 3 ಬರಬೇಕಿತ್ತು. ಇಷ್ಟು ಹತ್ತಿರ ಬಂದದ್ದೇ ಹೆಚ್ಚು.

ಈ ಎಣಿಕೆಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. 19 ಗೀಟು ಉಳಿಸಿಕೊಂಡು ಮಿಕ್ಕ 65ನ್ನು ಕೈಯಿಂದ ಮುಚ್ಚಿದೆ. ‘ಕ ಫೈನಲ್ ಸೇರಿದೆ’ ಎಂಬ ಷರತ್ತು ಅಂದರೆ ಆ ಮುಚ್ಚುವ ಕೈ. ಭಾಗಿಸುವುದು 84ರಿಂದ ಅಲ್ಲ, 19ರಿಂದ. ಸೂತ್ರದಲ್ಲಿ ಕೆಳಗೆ ಸಂ(ಕ) ಯಾಕೆ ಕೂತಿದೆ ಎಂದು ಮಗಳಿಗೆ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ, ಅವಳೇ ಬಂದು ಇನ್ನೊಂದು ಹಾಳೆಯ ಮೇಲೆ ಕೈಯಿಟ್ಟಳು.

ಜುಲೈ 18

ಎಲ್ಲ ತಂಡ ಸಮಬಲ ಎನ್ನುವುದು ಮೈದಾನ ನೋಡಿದ ಯಾರೂ ಒಪ್ಪದ ಮಾತು. ಅದಕ್ಕೆ ಕ ತಂಡವನ್ನು ಬಲಶಾಲಿ ಮಾಡಿದೆ: ಯಾರ ವಿರುದ್ಧವಾದರೂ ಗೆಲ್ಲುವ ಸಂಭವ 2/3. ಈಗ ಫೈನಲ್ ಸೇರುವುದು 4/9. ಆದರೆ ಕ ಸೇರಿದ ಮೇಲೆ ಗ ಎದುರಾಗುವ ಸಂಭವ? ಚೀಟಿ ಎತ್ತುವ ಮೊದಲಾದರೆ ಈಗಲೂ 1/7! ಉಳಿದ ಏಳು ತಂಡ ತಮ್ಮೊಳಗೆ ಸಮಾನವಾಗಿಯೇ ಇವೆ, ಆಚೆ ಬದಿಯ ಸ್ಥಾನ ಅವರಲ್ಲಿ ಒಬ್ಬರಿಗೆ. ಇದನ್ನು ಮೂರು ಸಲ ತಿದ್ದಿ ಬರೆದ ಮೇಲೆ ನಂಬಿದೆ.

ಮುಂದೆ ಗ ತಂಡಕ್ಕೂ ಬಲ ಕೊಡಬೇಕು. 2/3 ಬೇಕಾದಾಗ ನಾಣ್ಯ ಸಾಲದು, ಪಕ್ಕದ ಮನೆಯ ಹುಡುಗನ ಹಾವು ಏಣಿ ಡಬ್ಬಿಯಿಂದ ದಾಳ ತಂದಿದ್ದೇವೆ. 1ರಿಂದ 4 ಬಿದ್ದರೆ ಬಲಶಾಲಿ ಗೆಲುವು, 5 ಅಥವಾ 6 ಬಿದ್ದರೆ ಸೋಲು. ಇವತ್ತಿನ ಮಟ್ಟಿಗೆ 11 ಪಂದ್ಯಾವಳಿ ಆಗಿದೆ.