ಒಂದು ಕಿಲೋ ಬೇಳೆಯ ಲೆಕ್ಕ

ಸಾಮಾಜಿಕ ಯೋಜನೆಗಳನ್ನು ಯಾದೃಚ್ಛಿಕ ಪ್ರಯೋಗದಿಂದ, ಅಂದರೆ ಯೋಜನೆ ಯಾರಿಗೆ ಸಿಗಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಗುಂಪುಗಳನ್ನು ಹೋಲಿಸುವ ಮೂಲಕ, ಅಳೆಯುವುದೆಂದರೆ ನನಗೆ ಮೊದಲು ನೆನಪಾಗುವುದು ರಾಜಸ್ಥಾನದ ಉದಯಪುರ ಜಿಲ್ಲೆಯ ಲಸಿಕೆ ಅಧ್ಯಯನ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಸೇವಾ ಮಂದಿರ ಎಂಬ ಸ್ವಯಂಸೇವಾ ಸಂಸ್ಥೆಯೊಡನೆ ನಡೆಸಿ 2010ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ 134 ಹಳ್ಳಿಗಳನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಿ, ಒಂದರಲ್ಲಿ ತಪ್ಪದೆ ತಿಂಗಳಿಗೊಮ್ಮೆ ಲಸಿಕಾ ಶಿಬಿರ ನಡೆಸಿದರು; ಇನ್ನೊಂದರಲ್ಲಿ ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆಯನ್ನೂ ಎಲ್ಲ ಲಸಿಕೆಗಳು ಮುಗಿದಾಗ ಊಟದ ತಟ್ಟೆಗಳನ್ನೂ ಕೊಟ್ಟರು; ಮೂರನೆಯದನ್ನು ಇದ್ದಂತೆಯೇ ಬಿಟ್ಟರು. ಪೂರ್ಣ ಲಸಿಕೆ ಪಡೆದ ಮಕ್ಕಳ ಪ್ರಮಾಣ ಕ್ರಮವಾಗಿ ಶೇ. 18, 39 ಮತ್ತು 6.

ಬೇಳೆ ಹಂಚಿದರೆ ಖರ್ಚು ಏರಲೇಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಶಿಬಿರಕ್ಕೆ ಐದು ಮಕ್ಕಳು ಬಂದರೂ ಇಪ್ಪತ್ತು ಮಕ್ಕಳು ಬಂದರೂ ದಾದಿಯ ಸಂಬಳ ಬದಲಾಗುವುದಿಲ್ಲ. ಹಾಗಾಗಿ ಒಂದು ಮಗುವಿಗೆ ಪೂರ್ಣ ಲಸಿಕೆ ಹಾಕಿಸುವ ಸರಾಸರಿ ವೆಚ್ಚ ಬರೀ ಶಿಬಿರವಿದ್ದಲ್ಲಿ ಸುಮಾರು 2,200 ರೂಪಾಯಿಯಾದರೆ, ಬೇಳೆಯನ್ನೂ ಕೊಟ್ಟಲ್ಲಿ 1,100ಕ್ಕೆ ಇಳಿಯಿತು. ಊಹೆಯಿಂದ ಈ ಉತ್ತರ ಸಿಗುತ್ತಿತ್ತೆಂದು ನನಗನ್ನಿಸುವುದಿಲ್ಲ.

ಹಾಗೆಂದು ಬೇಳೆಯೇ ಎಲ್ಲ ಕಡೆಗೂ ಮದ್ದಲ್ಲ. ಬೇಳೆ ಕೊಟ್ಟ ಹಳ್ಳಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳ ಲಸಿಕೆ ಪೂರ್ಣವಾಗಲಿಲ್ಲ. ಶಿಬಿರಗಳು ಮೊದಲೇ ಸರಿಯಾಗಿ ನಡೆಯುತ್ತಿರುವ ಜಿಲ್ಲೆಯೊಂದರಲ್ಲಿ ಇದೇ ಅಂತರ ಕಾಣುವುದೋ ಇಲ್ಲವೋ ಎಂಬುದನ್ನು ಅಲ್ಲಿಯೇ ಪರೀಕ್ಷಿಸಬೇಕಾಗುತ್ತದೆ.