ಮೂರು ಚಕ್ರದ ಪುಟ್ಟ ಕಾರಿಗೆ ಹಿನ್ನೋಟ: ಕನ್ನಡಿ ಮೊದಲು, ಕ್ಯಾಮೆರಾ ಆಮೇಲೆ

ಮೂರು ಚಕ್ರದ ಸಣ್ಣ ಕಾರಿನಲ್ಲಿ ಹಿಂದೆ ಏನೂ ಕಾಣುವುದಿಲ್ಲ ಎಂದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಕ್ಯಾಮೆರಾ ಕಡೆಗೆ. ವರ್ಕ್‌ಶಾಪಿನ ಲೆಕ್ಕ ಇದಕ್ಕೆ ಉಲ್ಟಾ. ಮೊದಲು ಸೀಮೆಸುಣ್ಣ, ಆಮೇಲೆ ಕನ್ನಡಿ, ಕೊನೆಗೆ ಕ್ಯಾಮೆರಾ.

ಸೀಮೆಸುಣ್ಣದ ಕೆಲಸಕ್ಕೆ ಅರ್ಧ ಗಂಟೆ ಸಾಕು. ಬೆಲ್ಟ್ ಹಾಕಿಕೊಂಡು, ನಿಜವಾಗಿ ಓಡಿಸುವ ಭಂಗಿಯಲ್ಲೇ ಕೂರಬೇಕು. ಬೆನ್ನು ನೆಟ್ಟಗೆ ಮಾಡಿ ಕೂತರೆ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಮಾರನೇ ದಿನ ಕಾಣುವುದಿಲ್ಲ. ಚಾಲಕನ ಕಣ್ಣಿನ ನೇರಕ್ಕೆ ತೂಗುಗುಂಡು ಬಿಟ್ಟು ನೆಲದಲ್ಲಿ ಗುರುತು ಹಾಕಿ. ಅಲ್ಲಿಂದ 4 ಮೀಟರ್ ಹಿಂದೆ, ಬಾಡಿಯ ಅಂಚಿನಿಂದ ಹೊರಕ್ಕೆ 1 ಮೀಟರ್ ಗೆರೆ ಎಳೆಯಿರಿ. 20 ಮೀಟರ್ ಹಿಂದೆ 4 ಮೀಟರ್ ಗೆರೆ. ಎರಡೂ ಬದಿಗೆ ಹೀಗೆಯೇ. ಈ ಗೆರೆಗಳು ಆಯಾ ಬದಿಯ ಕನ್ನಡಿಯಲ್ಲಿ ಪೂರ್ತಿ ಕಾಣಬೇಕು. ವಿಶ್ವಸಂಸ್ಥೆಯ 46ನೇ ವಾಹನ ನಿಯಮ ಸಾಮಾನ್ಯ ಕಾರಿನ ಪಕ್ಕದ ಕನ್ನಡಿಯಿಂದ ಬಯಸುವ ಅಳತೆ ಇದು. ಮೂರು ಚಕ್ರದ ಗಾಡಿಯನ್ನು ಮೋಟಾರ್‌ಸೈಕಲ್ ಸಾಲಿಗೆ ಸೇರಿಸುವ ಕಡೆ ಇದು ಕಡ್ಡಾಯವಲ್ಲದಿರಬಹುದು. ಆದರೆ ಹಿಂದಿನಿಂದ ನುಗ್ಗಿ ಬರುವ ಲಾರಿಗೆ ನಿಮ್ಮ ಗಾಡಿ ಯಾವ ವರ್ಗದ್ದು ಎಂಬುದು ಗೊತ್ತಿರುವುದಿಲ್ಲ. ಅಳತೆ ದೊಡ್ಡ ಕಾರಿನದೇ ಇರಲಿ.

ಇನ್ನು ಗಾಡಿಯ ಆಕಾರ. ಮುಂದೆ ಎರಡು, ಹಿಂದೆ ಒಂದು ಚಕ್ರವಿದ್ದರೆ ಬಾಲ ಕಿರಿದು. ಮುಂದಿನ ಮಡ್‌ಗಾರ್ಡಿನ ಅಂಚಿನಷ್ಟು ಹೊರಗೆ ಕನ್ನಡಿ ಇದ್ದರೆ ಪಕ್ಕದ ನೋಟಕ್ಕೆ ತೊಂದರೆಯಿಲ್ಲ. ಕಷ್ಟ ಇರುವುದು ನಡುವಿನಲ್ಲಿ. ಹೆಡ್‌ರೆಸ್ಟ್, ಎಂಜಿನ್ ಕವರ್, ಚಕ್ರದ ಗೂನು ಎಲ್ಲ ಒಂದೇ ಸಾಲಿನಲ್ಲಿ ನಿಂತು ಒಳಗಿನ ಕನ್ನಡಿಯನ್ನು ಕುರುಡು ಮಾಡುತ್ತವೆ. ಮುಂದೆ ಒಂದು, ಹಿಂದೆ ಎರಡು ಚಕ್ರದ ಗಾಡಿಯಲ್ಲಿ ಇದು ತಿರುಗುಮುರುಗು. ಒಳಗಿನ ಕನ್ನಡಿ ಕೆಲಸ ಮಾಡುತ್ತದೆ, ಆದರೆ ಪಕ್ಕದ ಕನ್ನಡಿಗೆ ಹಿಂದಿನ ಮಡ್‌ಗಾರ್ಡೇ ಅಡ್ಡ. ಕನ್ನಡಿ ಬರುವ ಜಾಗಕ್ಕೆ ನೂಲು ಕಟ್ಟಿ, ಗಾಡಿಗೆ ಸಮಾನಾಂತರವಾಗಿ ಹಿಂದಕ್ಕೆ ಎಳೆದು ನೋಡಿ. ನೂಲು ಮಡ್‌ಗಾರ್ಡಿಗೆ ತಾಗಿದರೆ ಕನ್ನಡಿ ಇನ್ನೂ ಹೊರಗೆ ಬರಬೇಕು.

ಗಾಜು ಯಾವುದು? ಚಿಕ್ಕ ಗಾಡಿಯಲ್ಲಿ ಕಣ್ಣಿಗೂ ಕನ್ನಡಿಗೂ 60 ಸೆಂ.ಮೀ. ಆಸುಪಾಸು. ಅಷ್ಟು ದೂರದಲ್ಲಿ 10 ಸೆಂ.ಮೀ. ಅಗಲದ ಸಪಾಟು ಗಾಜು ಒಂದು ಕಣ್ಣಿಗೆ ಸುಮಾರು 9.5 ಡಿಗ್ರಿ ತೋರಿಸುತ್ತದೆ. 1200 ಮಿ.ಮೀ. ತ್ರಿಜ್ಯದ ಉಬ್ಬು ಗಾಜಾದರೆ ಸುಮಾರು 19 ಡಿಗ್ರಿ. ನೋಟ ಎರಡರಷ್ಟು, ಆದರೆ 20 ಮೀಟರ್ ಹಿಂದಿರುವ ಗಾಡಿ ಅರ್ಧ ಗಾತ್ರಕ್ಕೆ ಕುಗ್ಗಿ 40 ಮೀಟರ್ ದೂರದಲ್ಲಿದ್ದಂತೆ ಕಾಣುತ್ತದೆ. ಹಾಗಾಗಿ ಪಕ್ಕಕ್ಕೆ ಉಬ್ಬು ಗಾಜು, ಒಳಗೆ ಸಪಾಟು ಗಾಜು. ದೂರದ ಅಂದಾಜು ಒಳಗಿನದರಿಂದ ಸಿಗಬೇಕು. ಒಳಗಿನದು ಕುರುಡಾದರೆ ಚಾವಣಿಗೆ ತಾಗಿಸಿ ಎತ್ತರದಲ್ಲಿ ಹಾಕಿ ನೋಡಿ, ಎಷ್ಟೋ ಸಲ 6-7 ಸೆಂ.ಮೀ. ಎತ್ತರದಲ್ಲೇ ಪರಿಹಾರ ಇರುತ್ತದೆ. 1200ಕ್ಕಿಂತ ಕಡಿಮೆ ತ್ರಿಜ್ಯದ, ಅಂದರೆ ಇನ್ನೂ ಉಬ್ಬಿದ ಗಾಜು ಚಂದ ಕಾಣುತ್ತದೆ ಎಂದು ಹಾಕಬೇಡಿ. ಅಂಟಿಸುವ 50 ಮಿ.ಮೀ. ಗುಂಡು ಕನ್ನಡಿ ಮೂಲೆಯಲ್ಲಿ ಇರಲಿ, ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಲು ಮಾತ್ರ.

ನಿಜವಾದ ತಲೆನೋವು ಅದುರು. ಒಂದೇ ಸಿಲಿಂಡರ್ ಎಂಜಿನ್ ಇರುವ ಗಾಡಿಯಲ್ಲಿ ಕನ್ನಡಿಯೊಳಗಿನ ಲಾರಿ ಬೂದು ಮಸಿಯಾಗಿಬಿಡುತ್ತದೆ. ಗಾಜು ಅರ್ಧ ಡಿಗ್ರಿ ಅಲುಗಿದರೆ ನೋಟ ಒಂದು ಡಿಗ್ರಿ ಅಲುಗುತ್ತದೆ. 50 ಮೀಟರ್ ಹಿಂದೆ ಅದು 87 ಸೆಂ.ಮೀ. ದೂರುವವರು ಗಾಜು ಸರಿಯಿಲ್ಲ ಎನ್ನುತ್ತಾರೆ, ತಪ್ಪು ಕಾಂಡದ್ದು, ಅಂದರೆ ಕನ್ನಡಿಯನ್ನು ಹೊತ್ತ ಸರಳಿನದು. ಕಾಂಡದ ಉದ್ದ ಎರಡರಷ್ಟಾದರೆ ಬಿಗಿ (ಬಾಗದೆ ನಿಲ್ಲುವ ಶಕ್ತಿ) ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 8 ಮಿ.ಮೀ. ಸರಳಿನ ಬದಲು 10 ಮಿ.ಮೀ. ಹಾಕಿದರೆ ಬಿಗಿ ಸುಮಾರು 2.4 ಪಟ್ಟು. ಆದ್ದರಿಂದ ಗಿಡ್ಡದು, ದಪ್ಪದು. ಸಾಧ್ಯವಿದ್ದರೆ ಒಂದರ ಬದಲು ಎರಡು ಕಡೆ ಹಿಡಿತ. ಬುಡದಲ್ಲಿ ಮೆತ್ತನೆ ರಬ್ಬರ್ ವಾಷರ್ ಹಾಕಿದರೆ ಅದುರು ಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಹೆಚ್ಚಿನ ಸಲ ಅದರಿಂದ ಕನ್ನಡಿ ಇನ್ನಷ್ಟು ಸಡಿಲವಾಗುತ್ತದೆ, ಅಷ್ಟೆ. ಬೈಕಿನ ಕನ್ನಡಿ ಬಳಸುವುದಾದರೆ ಕಾಂಡದ ತಿರುಪಿನ ಎಳೆ ನೋಡಿಕೊಳ್ಳಿ: 8 ಮಿ.ಮೀ., 10 ಮಿ.ಮೀ. ಎರಡೂ ಬರುತ್ತವೆ, ಕೆಲವದರಲ್ಲಿ ಬಲಬದಿಯದು ಉಲ್ಟಾ ಎಳೆ. ಬಲವಂತವಾಗಿ ತಿರುಗಿಸಿದರೆ ಎಳೆ ಹಾಳು.

ಬಾಡಿ ಫೈಬರಿನದಾದರೆ ನಟ್ಟನ್ನು ನೇರ ಅದರ ಮೇಲೆ ಬಿಗಿಯಬಾರದು. ಒತ್ತಡಕ್ಕೆ ಫೈಬರ್ ನಿಧಾನವಾಗಿ ಕುಗ್ಗುತ್ತದೆ, ನಟ್ ಸಡಿಲಾಗುತ್ತದೆ, ಮತ್ತೆ ಬಿಗಿದರೆ ತೂತಿನ ಸುತ್ತ ಜೇಡನ ಬಲೆಯಂಥ ಬಿರುಕು ಏಳುತ್ತದೆ. ಒಳಗಿನಿಂದ 80×80 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಗಡು ಕೊಡಿ. ತೂತಿನೊಳಗೆ ಫೈಬರಿನ ದಪ್ಪಕ್ಕೇ ಕತ್ತರಿಸಿದ ಲೋಹದ ಕೊಳವೆ ಇಡಿ. ಆಗ ನಟ್ಟಿನ ಬಿಗಿಯನ್ನು ಕೊಳವೆ ಹೊರುತ್ತದೆ.

ಈಗ ಕ್ಯಾಮೆರಾ. ಅದರ ಜಾಗ ರಿವರ್ಸ್, ಅಂದರೆ ಬಂಪರಿಗೆ ಅಂಟಿಕೊಂಡ ಮೊದಲ 3 ಮೀಟರ್. (1960ರ ದಶಕದ ಪೀಲ್ ಪಿ50 ಎಂಬ ಮೂರು ಚಕ್ರದ ಕಾರಿಗೆ ರಿವರ್ಸ್ ಗೇರೇ ಇರಲಿಲ್ಲ. 137 ಸೆಂ.ಮೀ. ಉದ್ದದ ಗಾಡಿ, ಹಿಡಿಕೆ ಹಿಡಿದು ಎತ್ತಿ ತಿರುಗಿಸಿಕೊಳ್ಳುತ್ತಿದ್ದರು.) 170 ಡಿಗ್ರಿ ಲೆನ್ಸ್ ಇದಕ್ಕೆ ಸರಿ. ಆದರೆ ಓಡುವಾಗ ಅದನ್ನೇ ನೋಡುತ್ತೇನೆಂದರೆ ದೂರದ ಗಾಡಿ ಸಾಸಿವೆ ಕಾಳಿನಷ್ಟು. ಹಿಂಬದಿ ಪೂರ್ತಿ ಮುಚ್ಚಿದ್ದು, ಒಳಗಿನ ಕನ್ನಡಿಗೆ ಬದಲಾಗಿಯೇ ಪರದೆ ಬೇಕಿದ್ದರೆ ಕಿರಿದಾದ ಲೆನ್ಸಿನ ಎರಡನೇ ಕ್ಯಾಮೆರಾ ಹಾಕಿ. ಇನ್ನೊಂದು ಮಾತು: ಸಪಾಟು ಕನ್ನಡಿಯಲ್ಲಿ ಕಣ್ಣು ದೂರಕ್ಕೇ ಹೊಂದಿಕೊಂಡಿರುತ್ತದೆ, ಪರದೆಗೆ ಹತ್ತಿರಕ್ಕೆ ಬರಬೇಕು. ಓದಲು ಕನ್ನಡಕ ಬೇಕಾಗುವ ವಯಸ್ಸಿನವರಿಗೆ ಅರ್ಧ ಮೀಟರ್ ದೂರದ ಪರದೆ ಮಬ್ಬು.

ವೈರಿಂಗ್‌ನಲ್ಲಿ ಕೆಡುವುದು ಮೂರು ಕಡೆ. ಫೈಬರ್ ಬಾಡಿಗೆ ಅರ್ಥ್ ಸಿಗುವುದಿಲ್ಲ, ಕಪ್ಪು ವೈರನ್ನು ಬ್ಯಾಟರಿ ಮೈನಸ್‌ವರೆಗೆ ಎಳೆಯಲೇಬೇಕು. ಎಲೆಕ್ಟ್ರಿಕ್ ಗಾಡಿಯಲ್ಲಿ 48 ವೋಲ್ಟ್ ಪ್ಯಾಕಿನ ನಡುವಿನಿಂದ 12 ವೋಲ್ಟ್ ಕದ್ದರೆ ಆ ಭಾಗದ ಸೆಲ್‌ಗಳು ಮಾತ್ರ ಬೇಗ ಖಾಲಿಯಾಗಿ ಇಡೀ ಪ್ಯಾಕ್ ಏರುಪೇರಾಗುತ್ತದೆ. 48 ವೋಲ್ಟನ್ನು 12ಕ್ಕೆ ಇಳಿಸುವ ಡಿಸಿ-ಡಿಸಿ ಕನ್ವರ್ಟರ್ ಹಾಕಿ, ಅದರ ಮುಂದೆ 2 ಆಂಪ್ ಫ್ಯೂಸ್ ಕೊಡಿ. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ವೇಗ ಏರಿದಂತೆ ಪರದೆಯ ಮೇಲೆ ಗೆರೆ ಓಡಿದರೆ ಅದು ಸ್ಪಾರ್ಕ್ ಪ್ಲಗ್ ಕಡೆಯ ವಿದ್ಯುತ್ ಗದ್ದಲ: ರೆಸಿಸ್ಟರ್ ಪ್ಲಗ್ ಅಥವಾ 5 ಕಿಲೋ ಓಮ್ ಕ್ಯಾಪ್ ಹಾಕಿ, ವಿಡಿಯೋ ಕೇಬಲ್ಲನ್ನು ಪ್ಲಗ್ ವೈರಿನಿಂದ ದೂರ ಸರಿಸಿ. ಪರದೆ ಪೂರ್ತಿ ಕಪ್ಪಾಗಿದ್ದರೆ ಕ್ಯಾಮೆರಾ ಸತ್ತಿದೆ ಎಂದುಕೊಳ್ಳುವ ಮೊದಲು ಕ್ಯಾಮೆರಾ, ಪರದೆ ಎರಡರ ಸಿಗ್ನಲ್ ಬಗೆ ಒಂದೇ ಇದೆಯೇ ನೋಡಿ. ಎಎಚ್‌ಡಿ (ಹೆಚ್ಚು ಸ್ಪಷ್ಟ ಚಿತ್ರದ ಸಿಗ್ನಲ್) ಕ್ಯಾಮೆರಾ ಹಳೆಯ ಅನಲಾಗ್ ಪರದೆಯಲ್ಲಿ ಮೂಡುವುದಿಲ್ಲ. ಎಡಬಲ ಅದಲುಬದಲಾಗಿ ಬರುತ್ತಿದ್ದರೆ ಕ್ಯಾಮೆರಾದ ಬುಡದಲ್ಲಿ ಅದಕ್ಕೆಂದೇ ಒಂದು ಪುಟ್ಟ ವೈರ್ ಕುಣಿಕೆ ಇರುವುದುಂಟು, ಕೈಪಿಡಿ ನೋಡಿ ಅದನ್ನು ಕತ್ತರಿಸಿ.

ಹಿಂದೆ ಒಂದೇ ಚಕ್ರವಿರುವ ಗಾಡಿಯಲ್ಲಿ ಲೆನ್ಸನ್ನು ನಟ್ಟನಡುವೆ, ಚಕ್ರದ ಹಿಂದೆ ಕೂರಿಸುವುದು ಸಹಜ ಅನಿಸುತ್ತದೆ. ಮಳೆಯಲ್ಲಿ ಟೈರು ಎರಚುವ ಕೆಸರು ನೇರ ಅಲ್ಲಿಗೇ. ಕ್ಯಾಮೆರಾಗೆ ಐಪಿ67 (ಧೂಳು-ನೀರು ತಡೆಯುವ ದರ್ಜೆ) ಇದ್ದರೆ ನೀರು ಒಳಗೆ ಹೋಗುವುದಿಲ್ಲ ಅಷ್ಟೆ, ಗಾಜಿನ ಮೇಲೆ ಕೂತ ಮಣ್ಣನ್ನು ಅದು ಒರೆಸುವುದಿಲ್ಲ. ಮಡ್‌ಗಾರ್ಡಿಗೆ ರಬ್ಬರ್ ಫ್ಲಾಪ್ ಸೇರಿಸಿ, ಕ್ಯಾಮೆರಾವನ್ನು ನಂಬರ್ ಪ್ಲೇಟಿಗಿಂತ ಮೇಲೆ, 15 ಸೆಂ.ಮೀ. ಪಕ್ಕಕ್ಕೆ ಸರಿಸಿ. ಫಿಟಿಂಗ್ ಮುಗಿದ ಮೇಲೆ ಒದ್ದೆ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು, ಲೆನ್ಸ್ ಒರೆಸದೆಯೇ, ಬಂಪರಿನಿಂದ ಒಂದು ಮೀಟರ್ ಹಿಂದೆ 80 ಸೆಂ.ಮೀ. ಎತ್ತರದ ಕೋಲು ನಿಲ್ಲಿಸಿ, ಅದು ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ಪರದೆ ನೋಡಿ.