ದೊಡ್ಡ ಬ್ಯಾಟರಿ ಹಾಕಿದ್ರೆ ಆಗಲ್ವಾ?

ಸೆನ್ಸರ್ ಜಾಲಗಳ (ಅಲ್ಲಲ್ಲಿ ಕೂತು ಅಳತೆ ಮಾಡಿ, ವೈರ್ ಇಲ್ಲದೆ ಮಾಹಿತಿ ಕಳಿಸುವ ಪುಟ್ಟ ಸಾಧನಗಳು) ಬ್ಯಾಟರಿ ಉಳಿಸುವ ಲೆಕ್ಕ ಮಾಡ್ತೀನಿ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ನೆಂಟರ ಮದುವೆಗಳಲ್ಲಂತೂ ತಪ್ಪಿದ್ದಲ್ಲ. “ದೊಡ್ಡ ಬ್ಯಾಟರಿ ಹಾಕಿದ್ರೆ ಮುಗೀತಲ್ಲ, ಅದಕ್ಕೆ ಗಣಿತ ಯಾಕೆ?”

ಹಾಕಬಹುದು. ಆದರೆ ಯಾವ ಸೆನ್ಸರ್‌ಗೆ?

ಒಂದು ಸಣ್ಣ ಲೆಕ್ಕ ನೋಡಿ. ಮಾಹಿತಿಯೆಲ್ಲ ಬಂದು ಸೇರುವ ಗೇಟ್‌ವೇಯಿಂದ 50 ಮೀಟರ್‌ಗೆ ಒಂದು ಸೆನ್ಸರ್, ಅದೇ ಸಾಲಿನಲ್ಲಿ 100 ಮೀಟರ್‌ಗೆ ಇನ್ನೊಂದು, ಎರಡಕ್ಕೂ ಒಂದೇ ಅಳತೆಯ ಬ್ಯಾಟರಿ. 2000ರಲ್ಲಿ ಎಂಐಟಿಯ ವೆಂಡಿ ಹೈಂಜೆಲ್ಮನ್ ಮತ್ತು ಸಂಗಡಿಗರು ‘ಲೀಚ್’ ಎಂಬ ಬ್ಯಾಟರಿ ಉಳಿಸುವ ವಿಧಾನದ ಜೊತೆ ಬಳಸಿದ ಅಂಕಿಗಳನ್ನೇ ಹಿಡಿಯೋಣ. ಒಂದು ಬಿಟ್ ಕಳಿಸಲಿ, ಪಡೆಯಲಿ, 50 ನ್ಯಾನೋಜೌಲ್ (ಶಕ್ತಿಯ ತೀರಾ ಸಣ್ಣ ಅಳತೆ). ಕಳಿಸುವಾಗ ದೂರದ ಖರ್ಚು ಬೇರೆ: 50 ಮೀಟರ್‌ಗೆ 250, 100 ಮೀಟರ್‌ಗೆ 1000. ದೂರ ಎರಡರಷ್ಟಾದರೆ ಖರ್ಚು ನಾಲ್ಕರಷ್ಟು.

ಎರಡೂ ತಲಾ ಒಂದು ಬಿಟ್ ನೇರವಾಗಿ ಕಳಿಸಿದರೆ ದೂರದ್ದಕ್ಕೆ 1050, ಹತ್ತಿರದ್ದಕ್ಕೆ 300. ದೂರದ್ದು ಬೇಗ ಸಾಯುತ್ತದೆ. ದೂರದ್ದರ ಮಾತನ್ನೂ ಹತ್ತಿರದ್ದೇ ದಾಟಿಸಿದರೆ? ದೂರದ್ದಕ್ಕೆ 300, ಹತ್ತಿರದ್ದಕ್ಕೆ 650. ಒಟ್ಟು ಖರ್ಚು 1350ರಿಂದ 950ಕ್ಕೆ ಇಳಿಯಿತು, ಭಲೇ ಅನಿಸುತ್ತದೆ. ಆದರೆ ಈಗ ಹೊರೆ ಹೊತ್ತು ಸಾಯುವುದು ಹತ್ತಿರದ್ದು.

ದೂರದ್ದು ನೂರರಲ್ಲಿ 68 ಬಿಟ್ ಹತ್ತಿರದ್ದರ ಮೂಲಕ, 32 ನೇರವಾಗಿ ಕಳಿಸಲಿ. ಆಗ ಎರಡಕ್ಕೂ ಬಿಟ್‌ಗೆ ಸರಾಸರಿ 540ರ ಆಸುಪಾಸು. ಒಟ್ಟು ಖರ್ಚು 950ರಿಂದ ಸುಮಾರು 1080ಕ್ಕೆ ಏರಿತು, ಜಾಲದ ಆಯಸ್ಸು (ಮೊದಲ ಸೆನ್ಸರ್ ಸಾಯುವವರೆಗಿನ ಕಾಲ) ಮಾತ್ರ 20% ಜಾಸ್ತಿ! ನನಗೆ ಈ ಕೆಲಸದ ಹುಚ್ಚು ಹಿಡಿಸಿದ್ದು ಇದೇ ಲೆಕ್ಕ. ಕರೆಂಟ್ ಉಳಿಸುವುದೂ ಜಾಲ ಉಳಿಸುವುದೂ ಒಂದೇ ಅಂದುಕೊಂಡಿದ್ದೆ.

ಎರಡು ಸೆನ್ಸರ್ ಇದ್ದರೆ ಕಾಗದದ ಮೇಲೆ ಬಿಡಿಸಬಹುದು. ನೂರಿದ್ದರೆ ಲೀನಿಯರ್ ಪ್ರೋಗ್ರಾಮಿಂಗ್ ಎಂಬ, ಮಿತಿಗಳೊಳಗೆ ಅತ್ಯುತ್ತಮ ಉತ್ತರ ಹುಡುಕುವ ಗಣಿತ ಬೇಕು: ಯಾರು ಯಾರಿಗೆ ಎಷ್ಟು ಕಳಿಸಬೇಕು ಎಂಬುದು ಗೊತ್ತಿಲ್ಲದ ಸಂಖ್ಯೆಗಳು, ಪ್ರತಿ ಬ್ಯಾಟರಿಯೂ ಒಂದು ಮಿತಿ. ಚಾಂಗ್ ಮತ್ತು ತಾಸಿಯುಲಾಸ್ ಎಂಬ ಸಂಶೋಧಕರು ಕೂಡ 2000ದಲ್ಲೇ ಸಮಸ್ಯೆಯನ್ನು ಹೀಗೆ ಬರೆದು ತೋರಿಸಿದರು.

ಇಷ್ಟೆಲ್ಲ ಮಾಡುವ ಮೊದಲು ಕೆಲಸವಿಲ್ಲದಾಗ ಸೆನ್ಸರಿನ ರೇಡಿಯೋವನ್ನು ಮಲಗಿಸಿ, ಅದು ಬೇರೆ ಮಾತು. ಸಿಸಿ2420 ಎಂಬ ಹಳೆಯ ರೇಡಿಯೋ ಚಿಪ್ ಪೂರ್ತಿ ಶಕ್ತಿಯಲ್ಲಿ ಕಳಿಸುವಾಗ 17.4 ಮಿಲಿಆಂಪ್ ಎಳೆದರೆ, ಸುಮ್ನೆ ಕೇಳಿಸಿಕೊಳ್ಳುತ್ತ ಕೂತಾಗ 18.8. ಹಾಗೇ ಬಿಟ್ಟರೆ ಎರಡು ಪೆನ್ಸಿಲ್ ಸೆಲ್ ಒಂದು ವಾರವೂ ಬರುವುದಿಲ್ಲ.

ಇನ್ನು ದೊಡ್ಡ ಬ್ಯಾಟರಿ. ಅದನ್ನು ಹತ್ತಿರದ್ದಕ್ಕೆ ಹಾಕಿ, ಸುಮಾರು 2.2 ಪಟ್ಟು ದೊಡ್ಡದು. ಮಾತೆಲ್ಲ ಅದರ ಮೂಲಕವೇ ಹೋಗಲಿ. ದೂರದ್ದಕ್ಕೆ ಮಾಮೂಲಿ ಬ್ಯಾಟರಿಯೇ ಸಾಕು.